‘ಹೆನು ಬಾಲ್ಗೊ’ ಅಂದ್ರೆ ಏನು? ಮೂಳೆ ಡಾಕ್ಟರ್‌ಗೆ ಕೇಳಿ

ಮ್ಯಾಡ್ರಿಡ್ ಅಮ್ಮ: ಸರ್, ಮಗನಿಗೆ ಮೂರೂವರೆ ವರ್ಷ. ಇಲ್ಲಿನ ಡಾಕ್ಟರ್ ರಿಪೋರ್ಟ್‌ನಲ್ಲಿ ‘ಹೆನು ಬಾಲ್ಗೊ’ ಅಂತ ಬರೆದು, ‘ಟ್ರೌಮಾಟೊಲೊಗೊ’ಗೆ ತೋರಿಸಿ ಅಂದರು. ಮಗು ಎಲ್ಲೂ ಬಿದ್ದೇ ಇಲ್ಲ, ಟ್ರಾಮಾ ಯಾಕೆ?

ಡಾಕ್ಟರ್: ಸ್ಪೇನ್‌ನಲ್ಲಿ ಮೂಳೆ ಡಾಕ್ಟರ್‌ಗೇ ಆ ಹೆಸರಮ್ಮ. ಹೆನು ಅಂದರೆ ಮಂಡಿ, ಲ್ಯಾಟಿನ್ ಪದ. ನಿಂತಾಗ ಮಂಡಿ ತಾಗಿ ಪಾದ ದೂರ ಇದ್ದರೆ ಬಾಲ್ಗೊ. ಕಾಲು ಬಿಲ್ಲಿನ ಹಾಗಿದ್ದರೆ ಬಾರೊ. ಎರಡು ವರ್ಷದವರೆಗೆ ಬಿಲ್ಲು, ಮೂರು-ನಾಲ್ಕರಲ್ಲಿ ಮಂಡಿ ತಾಗೋದು, ಏಳರ ಹೊತ್ತಿಗೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತೆ. ಎರಡೂ ಕಾಲು ಒಂದೇ ತರ ಇದ್ದರೆ ಗಾಬರಿ ಬೇಡ. ಒಮ್ಮೆ ತೋರಿಸಿ ಬನ್ನಿ.

ಹೊಸ ವಿದ್ಯಾರ್ಥಿ: ‘ಗೆನು ವಾಲ್ಗೊ’ ಅಲ್ವಾ?

ಬಾರ್ಸಿಲೋನಾ: genu valgo ಅಂತ ಬರೆದರೂ ಸ್ಪ್ಯಾನಿಷ್‌ನಲ್ಲಿ ‘ಹೆನು ಬಾಲ್ಗೊ’ ಅಂತಲೇ ಓದೋದು. ಇಲ್ಲಿ ನೀವು ಹೇಳಿದ ಹಾಗೆ ಅಂದರೆ ಯಾರಿಗೂ ಅರ್ಥ ಆಗಲ್ಲ ಮಾರಾಯ.

ಹೊಸ ವಿದ್ಯಾರ್ಥಿ: ಊರಿನ ಡಾಕ್ಟರ್‌ಗಳು ‘ಜೆನು ವಾಲ್ಗಮ್’ ಅಂತಾರೆ. ಅವರೆಲ್ಲ ತಪ್ಪಾ?

ಬಾರ್ಸಿಲೋನಾ: ನಾನೆಲ್ಲಿ ಹಾಗಂದೆ? ಓದಿ ಮಾತಾಡಿ.

ಸೆವಿಲ್ಯಾ ಅಪ್ಪ: ಸರ್, ಮಗಳಿಗೆ ಎಂಟು. ಎರಡು ವರ್ಷದ ಹಿಂದೆ ಸೈಕಲ್‌ನಿಂದ ಬಿದ್ದು ಬಲಮಂಡಿಯ ಮೇಲೆ ಮೂಳೆ ಮುರಿದಿತ್ತು. ಈಗ ಬಲಗಾಲು ಮಾತ್ರ ಒಳಕ್ಕೆ ವಾಲುತ್ತಿದೆ. ಆ ಕಾಲಿನ ಶೂ ಒಳಬದಿ ಪೂರಾ ಸವೆದಿದೆ. ರಿಪೋರ್ಟ್‌ನಲ್ಲಿ ‘ದೆಸಾಕ್ಸಾಸಿಯೋನ್’ ಅಂತಿದೆ.

ಡಾಕ್ಟರ್: ಇದು ತಾನೇ ಸರಿಹೋಗಲಿ ಅಂತ ಕಾಯಬೇಡಿ. ಆ ಪದಕ್ಕೆ ಕಾಲಿನ ನೇರ ಗೆರೆ ತಪ್ಪಿದೆ ಅಂತ ಅರ್ಥ. ಅವಳು ಬಿದ್ದಾಗ ಗ್ರೋತ್ ಪ್ಲೇಟ್‌ಗೆ, ಅಂದರೆ ಮೂಳೆ ಉದ್ದ ಬೆಳೆಯುವ ಪಟ್ಟಿಗೆ ಏಟು ಬಿದ್ದಿರಬಹುದು. ಹೊರಬದಿ ನಿಂತು ಒಳಬದಿ ಬೆಳೆಯುತ್ತಾ ಹೋದರೆ ಕಾಲು ಹೀಗೇ ವಾಲೋದು. ಎರಡೂ ಕಾಲು ಸೊಂಟದಿಂದ ಪಾದದವರೆಗೆ ಬರುವಂತೆ ನಿಲ್ಲಿಸಿ ಎಕ್ಸ್‌ರೇ ಕೇಳಿ, ‘ಟೆಲೆರಾಡಿಯೊಗ್ರಫಿಯಾ’ ಅನ್ನಿ. ಕಾಲು ಗಿಡ್ಡ ಆಗಿದೆಯಾ ಅಂತಲೂ ಅಳೆಸಿ. ಬೆಳವಣಿಗೆ ಉಳಿದಿರುವಾಗ ಕೆಲವು ಸಲ ಸಣ್ಣ ಲೋಹದ ಪ್ಲೇಟ್, ಎರಡು ಸ್ಕ್ರೂ ಹಾಕಿದರೂ ಸಾಕಾಗುತ್ತೆ. ಬೆಳವಣಿಗೆ ನಿಂತ ಮೇಲಾದರೆ ಮೂಳೆ ಕತ್ತರಿಸಿ ನೇರ ಕೂರಿಸಬೇಕು. ಮಕ್ಕಳ ಮೂಳೆ ಡಾಕ್ಟರ್‌ಗೇ ತೋರಿಸಿ. ಯಾವಾಗ ಹೋಗ್ತೀರಿ, ಇಲ್ಲೇ ಹೇಳಿ.

ಅಜ್ಜಿ ಮನೆ ಮದ್ದು: ಹರಳೆಣ್ಣೆ ತಿಕ್ಕಿ ರಾತ್ರಿ ಎರಡೂ ಕಾಲು ಸೇರಿಸಿ ಬಟ್ಟೆ ಕಟ್ಟಿ. ವಾರಕ್ಕೊಂದು ವಿಟಮಿನ್ ಡಿ ಪುಡಿ. ಫಾರ್ವರ್ಡ್ ಬಂದಿತ್ತು.

ಡಾಕ್ಟರ್: ಕಟ್ಟಬೇಡಿ. ಎಣ್ಣೆಗೆ ಮೂಳೆ ಬಗ್ಗಲ್ಲ. ರಕ್ತ ಪರೀಕ್ಷೆ ಇಲ್ಲದೆ ವಾರಗಟ್ಟಲೆ ಆ ಪುಡಿ ಕೊಟ್ಟರೆ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಕುತ್ತು ಬರಬಹುದು.

ಅಜ್ಜಿ ಮನೆ ಮದ್ದು: ನಮ್ಮ ಅಜ್ಜಿ ಹನ್ನೊಂದು ಮಕ್ಕಳಿಗೆ ಕಟ್ಟಿದರು, ಎಲ್ಲರೂ ನೆಟ್ಟಗಿದ್ದಾರೆ.

ಡಾಕ್ಟರ್: ಕಟ್ಟದಿದ್ದರೂ ನೆಟ್ಟಗಾಗುತ್ತಿದ್ದರು.

ಬಿಲ್ಬಾವೊ: ಮೂರು ವರ್ಷ, ಮಂಡಿ ತಾಗುತ್ತೆ. ಏನು ಮಾಡಲಿ?

ಡಾಕ್ಟರ್: ಮೇಲೆ ಓದಿ.

ವಾಲೆನ್ಸಿಯಾ: ಚಪ್ಪಟೆ ಪಾದಕ್ಕೆ ಸ್ಪೆಷಲ್ ಶೂ ಬೇಕಾ ಸರ್?

ಹೊಸ ವಿದ್ಯಾರ್ಥಿ: ದೊಡ್ಡವರ ಜೊತೆ ಹೀಗೆ ಮಾತಾಡೋದಾ ಡಾಕ್ಟರ್?

ಬಾರ್ಸಿಲೋನಾ: ಮೊದಲು ನೀವು ಉಚ್ಚಾರಣೆ ಕಲೀರಿ.

ಸೆವಿಲ್ಯಾ ಅಪ್ಪ: ಗುರುವಾರ ಅಪಾಯಿಂಟ್‌ಮೆಂಟ್ ಸಿಕ್ತು ಸರ್.

ಡಾಕ್ಟರ್: ಹಳೇ ಎಕ್ಸ್‌ರೇ ಒಯ್ಯಿರಿ. ಆ ಶೂ ಕೂಡ.