ಸೀಮೆಎಣ್ಣೆ ವಾಸನೆ ಇದೆ, ಆದರೆ ರೀಸ್ಲಿಂಗ್ ಅಲ್ಲವಂತೆ. ಯಾವ ದ್ರಾಕ್ಷಿ?

ಮಿಲಾನ್_ಮಂಡ್ಯ
ನಮ್ಮ ವೈನ್ ಕ್ಲಾಸಲ್ಲಿ ಬಾಟಲಿಗೆ ಬಟ್ಟೆ ಸುತ್ತಿ ಸುರಿಯುತ್ತಾರೆ, ಉತ್ತರ ಮುಂದಿನ ವಾರ. ಈ ಸಲ ಬಿಳಿ ವೈನ್. ಬಣ್ಣ ಚಿನ್ನದ ಕಡೆಗೆ ವಾಲಿದ ಹಳದಿ. ಮೂಗಿಗೆ ಮೊದಲು ಜೇನು, ಆಮೇಲೆ ಸೀಮೆಎಣ್ಣೆ, ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಸೀಮೆಎಣ್ಣೆ. ಹುಳಿ ಜೋರು, ಸಿಹಿ ಇಲ್ಲವೇ ಇಲ್ಲ, ಬಾಯಲ್ಲಿ ದಪ್ಪ, ನುಂಗಿದ ಮೇಲೆ ಗಂಟಲು ಬೆಚ್ಚಗಾಗುತ್ತದೆ. ಓಕ್ ಪೀಪಾಯಿಯ ಸುಳಿವಿಲ್ಲ. ಅರ್ಧ ಕ್ಲಾಸು ರೀಸ್ಲಿಂಗ್ ಅಂದಿತು, ಸೀಮೆಎಣ್ಣೆ ವಾಸನೆಗೆ ಹೆಸರಾದ ಜರ್ಮನಿಯ ಬಿಳಿ ದ್ರಾಕ್ಷಿ ಅದೇ ತಾನೆ. ಮೇಷ್ಟ್ರು "ಅಲ್ಲ, ಇಟಲಿಯದೇ ತಳಿ, ಅಪರೂಪದ್ದು" ಅಂದು ಸುಮ್ಮನಾದರು.

ಕರಿದ್ರಾಕ್ಷಿ
ಫಿಯಾನೋ ಇರಬಹುದಾ? ದಕ್ಷಿಣ ಇಟಲಿಯ ಕಾಂಪಾನಿಯಾ ಕಡೆಯ ದ್ರಾಕ್ಷಿ, ವಯಸ್ಸಾದರೆ ಜೇನು ಬರುತ್ತದೆ.

ಗ್ಲಾಸು_ಖಾಲಿ
ಫಿಯಾನೋದಲ್ಲಿ ಹೇಜಲ್‌ನಟ್, ಹೊಗೆ ಜಾಸ್ತಿ. ನನ್ನ ಓಟು ಟಿಮೊರಾಸೊಗೆ. ವಾಯವ್ಯ ಇಟಲಿಯ ಪಿಯೆಮೊಂಟೆ ಪ್ರಾಂತ್ಯದ ಆಗ್ನೇಯ ಮೂಲೆ, ಟೊರ್ಟೊನಾ ಸುತ್ತಲಿನ ಗುಡ್ಡಗಳ ದ್ರಾಕ್ಷಿ. ಸೀಮೆಎಣ್ಣೆ ವಾಸನೆಗೆ ಕಾರಣ ಟಿಡಿಎನ್ ಅನ್ನೋ ಸಂಯುಕ್ತ. ದ್ರಾಕ್ಷಿಯಲ್ಲಿರುವ ಕೆರೊಟಿನಾಯ್ಡ್ ಅನ್ನೋ ಬಣ್ಣದ ಅಂಶ ಒಡೆದು ಬರುವಂಥದ್ದು, ವೈನ್‌ಗೆ ವಯಸ್ಸಾದಂತೆ ಎದ್ದು ಕಾಣುತ್ತದೆ. ಅದು ರೀಸ್ಲಿಂಗ್‌ಗೆ ಮಾತ್ರ ಬರೆದುಕೊಟ್ಟ ಆಸ್ತಿಯಲ್ಲ, ಅಲ್ವಾ? ಆದ್ದರಿಂದ ಮೂಗು ಬಿಟ್ಟು ಬಾಯಿ ನೋಡಿ. ಜರ್ಮನಿಯ ರೀಸ್ಲಿಂಗ್ ಸಾಮಾನ್ಯವಾಗಿ ತೆಳ್ಳಗೆ, ನಿಂಬೆ, ಹೂವು. ಟಿಮೊರಾಸೊಗೆ ಮೈಕಟ್ಟು ಇದೆ, ಆಲ್ಕೋಹಾಲ್ ಶೇಕಡಾ 13.5, 14 ಮುಟ್ಟುವುದು ಮಾಮೂಲು. ನಿಮ್ಮ ಗಂಟಲು ಬೆಚ್ಚಗಾದದ್ದು ಅದಕ್ಕೇ.

ಮಿಲಾನ್_ಮಂಡ್ಯ
ಟೊರ್ಟೊನಾ ಪಕ್ಕದಲ್ಲೇ ಗಾವಿ ಊರಿದೆಯಲ್ಲ, ಅಲ್ಲಿನ ಗಾವಿ ವೈನೂ ಬಿಳಿ. ಅದು ಯಾಕಲ್ಲ?

ಗ್ಲಾಸು_ಖಾಲಿ
ಗಾವಿ ಕೊರ್ತೇಸೆ ದ್ರಾಕ್ಷಿಯದು, ಹಗುರ, ಅಷ್ಟು ದಪ್ಪ ಇರುವುದಿಲ್ಲ. ಟಿಮೊರಾಸೊ ಮೂಲೆಗೆ ಬಿದ್ದದ್ದೂ ಕೊರ್ತೇಸೆಯಿಂದಲೇ ಅನ್ನಬಹುದು. ಟಿಮೊರಾಸೊ ಗೊಂಚಲಲ್ಲಿ ಕಾಯಿ ಸರಿಯಾಗಿ ಕಟ್ಟುವುದಿಲ್ಲ, ಇಳುವರಿ ನಂಬುವಂತಿಲ್ಲ. ರೈತರು ಜಾಸ್ತಿ ಬೆಳೆ ಕೊಡುವ ಕೊರ್ತೇಸೆ ನೆಟ್ಟರು, ಅವರದ್ದೇನು ತಪ್ಪು. 1980ರ ದಶಕದಲ್ಲಿ ಅಲ್ಲಿನ ಮೊನ್ಲೆಯಾಲೆ ಊರಿನ ವೈನ್ ತಯಾರಕ ವಾಲ್ಟರ್ ಮಸ್ಸಾ ಇದರ ಬೆನ್ನು ಹತ್ತದಿದ್ದರೆ ನಾವು ಈ ಹೆಸರೇ ಕೇಳುತ್ತಿರಲಿಲ್ಲ. ಲೇಬಲ್ ಮೇಲೆ ಡೆರ್ತೋನಾ ಅಂತಲೂ ಇರುತ್ತದೆ, ಟೊರ್ಟೊನಾದ ರೋಮನ್ ಕಾಲದ ಹೆಸರು.

ಕರಿದ್ರಾಕ್ಷಿ
ವೆರ್ದಿಕ್ಕಿಯೊ? ಅದೂ ಇಟಲಿಯ ಬಿಳಿ ದ್ರಾಕ್ಷಿ, ಹುಳಿ ಅದರಲ್ಲೂ ಜೋರು.

ಗ್ಲಾಸು_ಖಾಲಿ
ಹುಳಿ ಹೌದು. ಆದರೆ ಅದರ ಕೊನೆಯಲ್ಲಿ ಕಹಿ ಬಾದಾಮಿ ಉಳಿಯುತ್ತದೆ, ಸೀಮೆಎಣ್ಣೆ ಇಷ್ಟು ಎದ್ದು ಬರುವುದಿಲ್ಲ. ಮಂಡ್ಯದವರೇ, ಇನ್ನೊಂದು ಗ್ಲಾಸು ಸಿಕ್ಕರೆ ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಬಿಟ್ಟು ಕುಡಿಯಿರಿ. ತೀರಾ ತಣ್ಣಗಿದ್ದರೆ ಹುಳಿ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ಕರಿದ್ರಾಕ್ಷಿ
ನಾನು ಫಿಯಾನೋ ಬಿಡುವುದಿಲ್ಲ. ಬಟ್ಟೆ ಬಿಚ್ಚಿದ ದಿನ ಇಲ್ಲೇ ಹಾಕಿ.