ಹಿನ್ನೀರಿನ ಹೋಟೆಲ್ ಯಜಮಾನರಿಗೆ ಸನ್ಮಾನ: ಶಾಲು ಬಿಟ್ಟು ಬೇರೆ ಏನಾದರೂ ಹೇಳಿ

ದ್ವೀಪದ ಹುಡುಗ

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಕಳಸವಳ್ಳಿ ಲಾಂಚಿನಲ್ಲಿ ಓಡಾಡಿದವರಿಗೆ ನಮ್ಮ ಯಜಮಾನರ ಹೋಟೆಲ್ ಗೊತ್ತಿರುತ್ತದೆ. ಹೆಸರು ಹಾಕಬೇಡ ಅಂದಿದ್ದಾರೆ, ಅದಕ್ಕೆ ಹಾಕುತ್ತಿಲ್ಲ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗಿದು ನೀರು ನಿಂತಾಗ ಇವರಿನ್ನೂ ಹುಡುಗ. ಅಪ್ಪನ ಗದ್ದೆ, ತೋಟ ಎರಡೂ ಮುಳುಗಿದವು. ಕರೂರು-ಬಾರಂಗಿ ಹೋಬಳಿ ದ್ವೀಪದ ಹಾಗಾಯಿತು, ಊರು ಬಿಟ್ಟವರು ಬಿಟ್ಟರು, ಇವರು ದೊಡ್ಡವರಾದ ಮೇಲೆ ದಡದಲ್ಲಿ ಸೋಗೆ ಹೊದೆಸಿ ಚಹಾ ಅಂಗಡಿ ಹಾಕಿದರು. ಆಮೇಲೆ ಊಟ, ಆಮೇಲೆ ನಾಲ್ಕು ರೂಮು. ಅಕ್ಕಪಕ್ಕದ ಮನೆಯವರಿಗೆ ಹೋಂಸ್ಟೇ ನಡೆಸುವುದು ಹೇಗೆ ಅಂತ ಹೇಳಿಕೊಟ್ಟಿದ್ದೂ ಇವರೇ. ತಮ್ಮಲ್ಲಿ ರೂಮ್ ಇಲ್ಲದಿದ್ದರೆ ಗಿರಾಕಿಯನ್ನು ಆ ಮನೆಗಳಿಗೆ ಕಳಿಸುತ್ತಿದ್ದರು, ಒಂದು ರೂಪಾಯಿ ಕಮಿಷನ್ ಇಲ್ಲ.

ಈಗ ಸನ್ಮಾನ ಮಾಡೋಣ ಅಂತ ಹೊರಟಿದ್ದೇವೆ. ಸಮಿತಿಯವರದು ಒಂದೇ ಪಟ್ಟು: ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಯಜಮಾನರು ಕೇಳಿ, "ಟ್ರಂಕಲ್ಲಿ ಹನ್ನೊಂದು ಶಾಲು ಇದಾವೆ ಮಾರಾಯ, ನುಸಿಗುಳಿಗೆ ಹಾಕಿ ಹಾಕಿ ಸಾಕಾಗಿದೆ" ಅಂದರು. ಕೈಯಲ್ಲಿ 25 ಸಾವಿರ ಇದೆ. ಏನು ಮಾಡಬಹುದು?

ಸಾಗರದ ಅಕ್ಕ

ಮೊದಲು ಫ್ಲೆಕ್ಸ್ ಬೇಡ ಅಂತ ಬರೆದಿಟ್ಟುಕೊಳ್ಳಿ. ಅದರಲ್ಲಿ ಯಜಮಾನರ ಫೋಟೋಗಿಂತ ಸಮಿತಿಯವರ ಫೋಟೋನೇ ಜಾಸ್ತಿ ಇರುತ್ತದೆ.

ಹೋಟೆಲ್ ಗೋಡೆಗೆ ಹಸೆ ಚಿತ್ತಾರ ಬರೆಸಿ. ನಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಬರೆಯುವವರು ಈಗಲೂ ಇದ್ದಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಎಳೆ ಎಳೆಯಾಗಿ ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಬೇಕು, ಮಾತಾಡಿಸಿದರೆ ಬೈಯುತ್ತಾರೆ. ಮಧ್ಯದಲ್ಲಿ ಒಂದು ಲಾಂಚ್ ಬರೆಯಿರಿ ಅಂತ ಕೇಳಿ ನೋಡಿ. ದುಡ್ಡು ಬರೆದ ಹೆಂಗಸರ ಕೈಗೇ ಕೊಡಿ.

ಮುಳುಗಡೆ ಮೊಮ್ಮಗ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ಪ್ರವಾಸೋದ್ಯಮ ಬೆಳೆಸಿದರು ಅಂತ ಸನ್ಮಾನ ಮಾಡ್ತೀರಿ, ಸರಿ. ಬೇಸಿಗೆಯಲ್ಲಿ ನೀರು ಇಳಿದಾಗ ದಡ ನೋಡಿದ್ದೀರಾ? ಲಿಂಗನಮಕ್ಕಿ ನೀರಲ್ಲಿ ಮುಳುಗಿರುವ ಮಡೆನೂರಿನ ಹಳೇ ಹಿರೇಭಾಸ್ಕರ ಡ್ಯಾಮ್ ಮೇಲೇಳುವ ಹೊತ್ತಿಗೆ ಅದರ ಜೊತೆ ಬಿಯರ್ ಬಾಟಲಿ, ಚಿಪ್ಸ್ ಕವರ್ ಎಲ್ಲಾ ಮೇಲೇಳುತ್ತವೆ. ನಮ್ಮಜ್ಜನ ಮನೆ ಇದ್ದ ಜಾಗ ಅದು, ಅಲ್ಲಿ ಜೀಪ್ ಓಡಿಸಿ ರೀಲ್ಸ್ ಮಾಡ್ತಾರೆ.

ಹೊಳೆಬಾಗಿಲು

@ಮುಳುಗಡೆ ಮೊಮ್ಮಗ ನೀವು ಹೇಳಿದ್ದು ಸುಳ್ಳಲ್ಲ. ಆದರೆ ಆ ಸಿಟ್ಟು ಈ ಮನುಷ್ಯರ ಮೇಲೆ ಬೇಡ. ಅವರ ಹೋಟೆಲಲ್ಲಿ ಬಾಟಲಿ ತೆಗೆದವರನ್ನು ಊಟದ ಮಧ್ಯೆ ಎಬ್ಬಿಸಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಒಂದು ಸಲ ಅಮ್ಮನ ಜೊತೆ ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೋಗಿದ್ದೆ. ಜಡಿಮಳೆ. ವಾಪಸ್ ಬರುವಷ್ಟರಲ್ಲಿ ಕೊನೇ ಲಾಂಚ್ ಆಚೆ ದಡ ಸೇರಿತ್ತು. ಹೊಸನಗರದ ಮೇಲೆ ಸುತ್ತಿ ಬರೋಣ ಅಂದರೆ ಆ ಹೊತ್ತಲ್ಲಿ ಗಾಡಿ ಇಲ್ಲ. ರೂಮುಗಳೂ ತುಂಬಿದ್ದವು. ಯಜಮಾನರು ಗಲ್ಲಾಪೆಟ್ಟಿಗೆ ಹಿಂದಿನ ತಮ್ಮ ಮಂಚ ಬಿಟ್ಟುಕೊಟ್ಟು, ತಾವು ಅಡಿಕೆ ಚೀಲದ ಮೇಲೆ ಕಂಬಳಿ ಹಾಸಿ ಮಲಗಿದರು. ರಾತ್ರಿ ಗಂಜಿ, ಅಪ್ಪೆಮಿಡಿ. ಬೆಳಿಗ್ಗೆ ದುಡ್ಡು ಕೇಳಿದರೆ ಗಂಜಿಗೆ ಮಾತ್ರ ತಗೊಂಡರು. ಮಂಚಕ್ಕೆ ರೇಟ್ ಬರೆದಿಲ್ಲವಂತೆ! ಅಮ್ಮ ಈಗಲೂ ಅವರನ್ನು "ಮಂಚದ ಭಟ್ಟರು" ಅಂತಾರೆ. ಅವರು ಭಟ್ಟರೇ ಅಲ್ಲ, ಅದು ಬೇರೆ ವಿಷಯ.

ಅಂಬಾರಗೋಡ್ಲು ಆಟೋ

ಲಾಂಚ್ ಓಡಾಡುತ್ತಿದ್ದ ಕಡೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆದ ಮೇಲೆ ಯಜಮಾನರ ವ್ಯಾಪಾರ ಹೇಗಿದೆ ಅಂತ ಯಾರಾದರೂ ಕೇಳಿದಿರಾ? 2025ರ ಜುಲೈ 14ಕ್ಕೆ ಸೇತುವೆ ಶುರುವಾಯಿತು, ಎರಡು ಕಿಲೋಮೀಟರಿಗೂ ಉದ್ದ. ಆಸ್ಪತ್ರೆಗೆ ಹೋಗುವವರಿಗೆ ಎಷ್ಟು ಅನುಕೂಲ ಆಗಿದೆ ಅಂತ ನನಗೆ ಗೊತ್ತು, ಅದರ ಬಗ್ಗೆ ತಕರಾರಿಲ್ಲ. ಆದರೆ ಲಾಂಚಿಗೆ ಕಾಯುತ್ತಾ ಚಹಾ ಕುಡಿಯುತ್ತಿದ್ದವರು ಈಗ ಸೇತುವೆ ಮೇಲೆ ಸೆಲ್ಫಿ ತೆಗೆದು ಸೀದಾ ದೇವಸ್ಥಾನಕ್ಕೆ ಹೋಗ್ತಾರೆ. ಮುಖ್ಯರಸ್ತೆಯಲ್ಲಿ ಅವರ ಹೋಟೆಲಿಗೆ ದಾರಿ ತೋರಿಸುವ ಒಂದು ಬೋರ್ಡೂ ಇಲ್ಲ. 25 ಸಾವಿರದಲ್ಲಿ ಮೊದಲು ಅದನ್ನು ಹಾಕಿಸಿ.

ದ್ವೀಪದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಹೋಗಿ ಎಲ್ಲವನ್ನೂ ಓದಿ ಹೇಳಿದೆ. ಮಂಚದ ಕತೆ ಕೇಳಿ ಜೋರಾಗಿ ನಕ್ಕರು, ನೆನಪಿಲ್ಲವಂತೆ. ಕಸದ ಮಾತಿಗೆ ನಗಲಿಲ್ಲ. "ಆ ಹುಡುಗನನ್ನೂ ಕರಿ, ಅಜ್ಜನ ಮನೆ ಎಲ್ಲಿತ್ತು ಅಂತ ಕೇಳಬೇಕು" ಅಂದರು. @ಮುಳುಗಡೆ ಮೊಮ್ಮಗ, ಬರ್ತೀರಲ್ವಾ?

ಚಿತ್ತಾರ, ಬೋರ್ಡು ಎರಡಕ್ಕೂ ಒಪ್ಪಿದ್ದಾರೆ. ಅವರದು ಒಂದೇ ಷರತ್ತು: ಲಾಂಚ್ ನಡೆಸುತ್ತಿದ್ದವರೂ ತಮ್ಮ ಪಕ್ಕದಲ್ಲೇ ಕೂರಬೇಕು, ತಮ್ಮೊಬ್ಬರನ್ನೇ ಕೂರಿಸಿದರೆ ಎದ್ದು ಅಡಿಗೆಮನೆಗೆ ಹೋಗ್ತಾರಂತೆ. ಅವತ್ತು ಮಧ್ಯಾಹ್ನ ಪತ್ರೊಡೆ ಮಾಡಿಸುತ್ತಾರೆ. ಯಾರ ತೋಟದಲ್ಲಿ ಕೆಸುವಿನೆಲೆ ಚೆನ್ನಾಗಿದೆ, ಇಲ್ಲೇ ತಿಳಿಸಿ.