ಹಳೆ ಮನೆ ತಗೊಳ್ಳೋಕ್ ಮುಂಚೆ ಸರ್ವೆ ಮಾಡಿಸ್ಬೇಕಾ? ಯಾರ ಹತ್ರ ಮಾಡಿಸೋದು?

ಪೂರ್ವದ_ಬಾಗ್ಲು

ಎಲ್ರಿಗೂ ನಮಸ್ಕಾರ. ಕೆಂಗೇರಿ ದಾಟಿ ಸ್ವಲ್ಪ ಒಳಗಡೆ ಒಂದು 30-40 ಸೈಟಲ್ಲಿ ಕಟ್ಟಿರೋ ಮನೆ ನೋಡಿದೀವಿ, ಕೆಳಗೊಂದು ಮೇಲೊಂದು, 2007ರಲ್ಲಿ ಕಟ್ಟಿದ್ದಂತೆ. ನಮ್ಮಿಬ್ರಿಗೂ ಇಷ್ಟ ಆಗಿದೆ, ನಮ್ಮತ್ತೆಗಂತೂ ಬಾಗ್ಲು ಪೂರ್ವಕ್ಕಿದೆ ಅಂತ ಅವತ್ತೇ ಮನಸ್ಸಾಗ್ಬಿಟ್ಟಿದೆ. ಪೇಪರ್ಸ್ ಎಲ್ಲಾ ಲಾಯರ್ ನೋಡಿದಾರೆ, ಮದರ್ ಡೀಡು, 30 ವರ್ಷದ ಇಸಿ (ಋಣಭಾರ ಪತ್ರ), ಡಿಸಿ ಕನ್ವರ್ಷನ್ ಆರ್ಡರ್, ಇ-ಖಾತಾ, ಟ್ಯಾಕ್ಸ್ ರಸೀದಿ ಎಲ್ಲಾ ಸರಿ ಇದೆ ಅಂತ ಒಪಿನಿಯನ್ನೂ ಕೊಟ್ಟಾಯ್ತು.

ಈಗ ತಲೆ ಕೆಡ್ತಿರೋದು ಏನಂದ್ರೆ, ಹೋದ ಭಾನುವಾರ ನಾನೂ ನಮ್ಮ ಯಜಮಾನ್ರೂ ಸುಮ್ನೆ ಟೇಪ್ ಹಿಡ್ಕೊಂಡು ಅಳೆದ್ವಿ, ರೋಡ್ ಕಡೆ 30 ಅಡಿ ಸರಿಯಾಗಿ ಬಂತು, ಹಿಂದ್ಗಡೆ ಸಂಪ್ ಪಕ್ಕ ಅಳೆದ್ರೆ 28ರ ಹತ್ರ ನಿಂತೋಯ್ತು. ಓನರ್ ಕೇಳಿದ್ರೆ ಕಾಂಪೌಂಡ್ ಗೋಡೆ ದಪ್ಪ ಅಲ್ವಾ ಮೇಡಂ ಅಂತಾರೆ. ಬ್ರೋಕರ್ ನಮ್ಮ ಕಡೆ ಹುಡುಗ ಒಬ್ಬ ಸರ್ವೆ ಮಾಡ್ತಾನೆ, 3 ಸಾವಿರಕ್ಕೆ ಸ್ಕೆಚ್ ಮಾಡ್ಕೊಡ್ತಾನೆ ಅಂತಾರೆ. ಲೋನ್‌ಗೆ ಹೆಂಗೂ ಬ್ಯಾಂಕಿಂದ ಒಬ್ರು ಇಂಜಿನಿಯರ್ ಬಂದು ನೋಡ್ತಾರಂತೆ, ಹಂಗಿದ್ಮೇಲೆ ನಾವು ಬೇರೆ ಯಾಕೆ ದುಡ್ಡು ಹಾಕ್ಬೇಕು ಅಂತ ಮನೇಲಿ ಎಲ್ರ ಮಾತು. ಅಡುಗೆಮನೆ ಗೋಡೆ ಒಂದು ಕಡೆ ಮುಟ್ಟಿದ್ರೆ ತಣ್ಣಗಿತ್ತು, ಪೇಂಟ್ ಮಾತ್ರ ಹೊಸದು. ಮುಂದಿನ ಶುಕ್ರವಾರ 10 ಲಕ್ಷ ಅಡ್ವಾನ್ಸ್ ಕೊಡೋದು ಅಂತ ಮಾತಾಗಿದೆ. ಯಾವ ಸರ್ವೆ, ಯಾರ ಹತ್ರ, ನಿಜವಾಗ್ಲೂ ಬೇಕಾ, ದಯವಿಟ್ಟು ತಿಳಿದವ್ರು ಹೇಳಿ.

ನಿವೃತ್ತ_ಮೋಜಣಿದಾರ

ಅಮ್ಮಾ, ನಾನು ಸರ್ವೆ ಇಲಾಖೆಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವನು. ನೀವು ಟೇಪ್ ಹಿಡಿದಿದ್ದು ಒಳ್ಳೇದಾಯ್ತು, ನೂರಕ್ಕೆ ತೊಂಬತ್ತು ಜನ ಅದನ್ನೂ ಮಾಡಲ್ಲ. ಕಾಂಪೌಂಡ್ ದಪ್ಪಕ್ಕೆ 2 ಅಡಿ ಹೋಗಲ್ಲ, ಅದು ಕೋಟೆ ಗೋಡೆ ಅಲ್ಲ, ಹಾಗಾಗಿ ಅಡ್ವಾನ್ಸ್ ಕೊಡೋದು ಈಗ ನಿಲ್ಲಿಸಿ.

ವಕೀಲರು ನೋಡಿರೋದು ಕಾಗದ. ಕಾಗದದಲ್ಲಿ 30-40 ಅಂತ ಇದ್ರೆ ಅವರು 30-40 ಅಂತಾನೇ ಬರೀತಾರೆ, ಸ್ಥಳಕ್ಕೆ ಬಂದು ಅಳೆಯೋದು ಅವರ ಕೆಲಸ ಅಲ್ಲ. ಇ-ಖಾತಾಲೂ ಅಷ್ಟೇ, ದಾಖಲೆಲಿ ಇರೋ ಅಳತೆ ಅಲ್ಲಿಗೆ ಬಂದಿರುತ್ತೆ, ನಿಮ್ಮ ಹಿಂದಿನ ಗೋಡೆ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ.

ಇನ್ನೊಂದು, ಬರೀ ಕಾಂಪೌಂಡ್ ಒಳಗೆ ಅಳೆದು ಕೊಡೋದು ಸರ್ವೆ ಅಲ್ಲ, ಅದನ್ನ ನೀವೇ ಮಾಡಿದೀರಲ್ಲ. ನಿಮ್ಮ ಸೈಟು ಲೇಔಟ್ ನಕ್ಷೆಲಿ ಎಲ್ಲಿ ಕೂರುತ್ತೆ, ಆ ಲೇಔಟು ಮೂಲ ಸರ್ವೆ ನಂಬರ್ ಒಳಗೆ ಎಲ್ಲಿ ಕೂರುತ್ತೆ ಅಂತ ತೋರಿಸ್ಬೇಕು. ಅದಕ್ಕೆ ಅಲುಗಾಡದ ಒಂದು ಗುರುತಿಂದ ಅಳತೆ ಶುರು ಮಾಡ್ಬೇಕು, ಹಳೇ ಬಾಂದು ಕಲ್ಲು (ಗಡಿ ಕಲ್ಲು) ಸಿಕ್ಕರೆ ಪುಣ್ಯ, ಇಲ್ಲಾಂದ್ರೆ ಪಕ್ಕದ ನಂಬರ್‌ಗಳ ಗಡಿ ಹಿಡ್ಕೊಂಡು ಬರ್ಬೇಕು. ಕೈಲಿ ಆ ನಂಬರಿನ ಟಿಪ್ಪಣಿ, ಅಂದ್ರೆ ಮೂಲ ಸರ್ವೆಲಿ ಬರೆದ ಅಳತೆ ನಕ್ಷೆ, ಇರ್ಬೇಕು, ಗ್ರಾಮ ನಕ್ಷೆ ಇರ್ಬೇಕು. ಹಳೇ ಟಿಪ್ಪಣಿಲಿ ಅಳತೆ ಸರಪಳಿ-ಆಣೆಲಿ ಇರುತ್ತೆ, ಒಂದು ಸರಪಳಿಗೆ 33 ಅಡಿ, ಅದರಲ್ಲಿ 16 ಆಣೆ, ಅಂದ್ರೆ ಒಂದಾಣೆಗೆ 2 ಅಡಿ ಮುಕ್ಕಾಲು ಇಂಚು. ಸರಪಳಿ ಉದ್ದ ಸರಪಳಿ ಅಗಲ ಇದ್ರೆ ಒಂದು ಗುಂಟೆ, 1089 ಚದರಡಿ. ಇದನ್ನ ಓದೋಕೆ ಬರದವನ ಕೈಲಿ ಎಷ್ಟು ದೊಡ್ಡ ಮಿಷನ್ ಇದ್ರೂ ಪ್ರಯೋಜನ ಇಲ್ಲ.

ಆದ್ರಿಂದ ಯಾರನ್ನೇ ಕರೆಸಿ, ಫೋನಲ್ಲೇ ಒಂದು ಮಾತು ಕೇಳಿ, "ಟಿಪ್ಪಣಿ ತಗೊಂಡು ಬರ್ತೀರಾ?" ಅಂತ. ಅದೆಲ್ಲಾ ಬೇಡ ಮೇಡಂ ಗೂಗಲ್ ಮ್ಯಾಪಲ್ಲೇ ಆಗುತ್ತೆ ಅಂದ್ರೆ ಅಲ್ಲಿಗೇ ಬಿಡಿ. ಸರ್ಕಾರದ ಲೈಸೆನ್ಸ್ ಇರೋ ಪರವಾನಗಿ ಭೂಮಾಪಕರು ಇದಾರೆ, ಲೈಸೆನ್ಸ್ ನಂಬರ್ ಕೇಳಿ ತಗೊಳಿ. ಹದ್ದುಬಸ್ತಿಗೆ (ಸರ್ಕಾರದಿಂದ ಗಡಿ ಗುರುತಿಸೋದಕ್ಕೆ) ಅರ್ಜಿ ಹಾಕೋಣ ಅಂದ್ರೆ ಅದನ್ನ ಮಾಲೀಕರೇ ಹಾಕ್ಬೇಕು, ಅಕ್ಕಪಕ್ಕದವರಿಗೆ ನೋಟಿಸ್ ಹೋಗ್ಬೇಕು, ನಿಮ್ಮ ಶುಕ್ರವಾರದೊಳಗೆ ಆಗೋ ಕೆಲಸ ಅಲ್ಲ.

ಬ್ರೋಕರ್ ಕಡೆ ಹುಡುಗ ಬೇಡವೇ ಬೇಡ. ಅವನು ಕೆಟ್ಟವನು ಅಂತ ಅಲ್ಲ, ವ್ಯಾಪಾರ ಕೆಟ್ರೆ ಅವನಿಗೆ ನಾಳೆ ಕೆಲಸ ಕೊಡೋರು ಯಾರು?

ಗ್ರಾಮ ನಕ್ಷೆಲಿ ಇನ್ನೊಂದು ನೋಡ್ಬೇಕು. ಆ ಕಡೆ ವೃಷಭಾವತಿಗೆ ಸೇರೋ ಹಳ್ಳಗಳಿದಾವೆ, ಈಗ ಮೇಲೆ ಸ್ಲ್ಯಾಬ್ ಮುಚ್ಚಿರ್ಬಹುದು, ನಕ್ಷೆಲಿ ಗೆರೆ ಮಾತ್ರ ಹಾಗೇ ಇರುತ್ತೆ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ದೊಡ್ಡ ರಾಜಕಾಲುವೆಗೆ (ಮಳೆನೀರು ಕಾಲುವೆ) 50 ಮೀಟರ್, ಎರಡನೇ ದರ್ಜೆದಕ್ಕೆ 25, ಮೂರನೇದಕ್ಕೆ 15 ಮೀಟರ್ ಬಫರ್, ಅಂದ್ರೆ ಮನೆ ಕಟ್ಟಬಾರದ ಜಾಗ. ಬಿ ಖರಾಬು (ದಾರಿ, ಹಳ್ಳದಂಥ ಸಾರ್ವಜನಿಕ ಜಾಗ), ಬಂಡಿದಾರಿ ಏನಾದ್ರೂ ಸೈಟ್ ಮೇಲೆ ಹಾದು ಹೋಗಿದ್ಯಾ ಅಂತಲೂ ಅಲ್ಲೇ ಗೊತ್ತಾಗುತ್ತೆ. ಇವತ್ತು ಸಂಜೆನೇ ಫೋನಲ್ಲಿ ದಿಶಾಂಕ್ ಆ್ಯಪ್ (ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸುತ್ತೆ) ಹಾಕ್ಕೊಂಡು ಮನೆ ಮುಂದೆ ನಿಂತು ನೋಡಿ, ಕ್ರಯಪತ್ರದಲ್ಲಿರೋ ಸರ್ವೆ ನಂಬರೇ ತೋರಿಸ್ತಾ ಅಂತ. ಅದು ಅಳತೆಗೆ ಸಾಲದು, ಮೊದಲ ನೋಟಕ್ಕೆ ಸಾಕು.

ಮಳೆಗಾಲದ_ಮನೆ

ಬ್ಯಾಂಕ್ ಇಂಜಿನಿಯರ್ ಬರ್ತಾರೆ ಅಂತ ನಂಬ್ಕೊಂಡು ಕೂತಿದ್ದು ನಾನು, ಅದಕ್ಕೇ ಬರೀತಿದೀನಿ. 2019ರಲ್ಲಿ ರೀಸೇಲ್ ಮನೆ ತಗೊಂಡೆ. ವ್ಯಾಲ್ಯುವರ್ ಬಂದ್ರು, ಮುಂದೆ ಎರಡು ಫೋಟೋ, ಒಳಗೆ ನಾಲ್ಕು ಫೋಟೋ, ಅಡಿಗೆ ಎಷ್ಟು ರೇಟ್ ಅಂತ ಪಕ್ಕದ ಅಂಗಡಿಲಿ ಕೇಳಿ ಹೋದ್ರು, ಹತ್ತು ನಿಮಿಷನೂ ಆಗಿಲ್ಲ. ಟೆರೇಸಿಗೆ ಹತ್ತಲೇ ಇಲ್ಲ. ಫೀಸ್ ಕಟ್ಟಿದ್ದು ನಾನು, ಆಮೇಲೆ ರಿಪೋರ್ಟ್ ಕೇಳಿದ್ರೆ ಅದು ನಮ್ಮ ಇಂಟರ್ನಲ್ ಕಾಗದ ಕೊಡಲ್ಲ ಅಂದ್ರು. ಆಗ ಅರ್ಥ ಆಯ್ತು, ಅವರು ನೋಡೋದು ನಾನು ಕಂತು ಕಟ್ಟದಿದ್ರೆ ಈ ಮನೆ ಮಾರಿ ಅವರ ಸಾಲ ವಾಪಸ್ ಬರುತ್ತಾ ಅಂತ, ನನಗೆ ಈ ಮನೇಲಿ ಬದುಕೋಕಾಗುತ್ತಾ ಅಂತ ಅಲ್ಲ.

ಗೃಹಪ್ರವೇಶ ಆಗಿ ಎರಡು ತಿಂಗಳಿಗೆ ಮೊದಲ ಜೋರು ಮಳೆ, ಮೇಲಿನ ರೂಮಿನ ಸೀಲಿಂಗಲ್ಲಿ ಪುಟ್ಟಿ ಹಪ್ಪಳದ ಥರ ಎದ್ದು ಮಂಚದ ಮೇಲೆ ಬಿತ್ತು. ಮೇಸ್ತ್ರಿ ಪ್ಲಾಸ್ಟರ್ ಕೆತ್ತಿದ್ರೆ ಒಳಗೆ ಕಂಬಿ ತುಕ್ಕು ಹಿಡಿದು ಪದರ ಪದರ ಬರ್ತಿತ್ತು, ಕೈಲಿ ಮುರಿದ್ರೆ ಉದುರ್ತಿತ್ತು. ಒಟ್ಟು 6 ಲಕ್ಷದ 80 ಸಾವಿರ ಆಯ್ತು, ಆ ವರ್ಷ ಮಗಳ ಫೀಸ್ ಕಟ್ಟೋಕೆ ಚಿನ್ನ ಅಡ ಇಟ್ವಿ. ಹೊಸ ಪೇಂಟು ತಣ್ಣಗಿನ ಗೋಡೆ ಅಂತ ಓದಿ ಹೊಟ್ಟೆಲಿ ಒಂಥರಾ ಆಯ್ತು. ಬಿಲ್ಡಿಂಗ್ ಚೆಕ್ ಮಾಡಿಸ್ದೆ ಮುಂದೆ ಹೋಗ್ಬೇಡಿ ಅಕ್ಕ.

ಕಂಬಿ_ಕಾಂಕ್ರೀಟ್

ಸ್ಟ್ರಕ್ಚರಲ್ ಇಂಜಿನಿಯರ್ ಇಲ್ಲಿ, ಮೈಸೂರು. ಸರ್ವೆ ಅಂದ್ರೆ ನಮ್ಮಲ್ಲಿ ಜಾಗದ ಅಳತೆ ಅಂತಷ್ಟೇ ಅರ್ಥ ಮಾಡ್ಕೊತಾರೆ. ನಿಮಗೆ ಬೇಕಾಗಿರೋದು ಎರಡು, ಜಾಗಕ್ಕೆ ಭೂಮಾಪಕರು, ಕಟ್ಟಡಕ್ಕೆ ಸ್ಟ್ರಕ್ಚರಲ್ ಇಂಜಿನಿಯರು. ಒಬ್ಬರೇ ಎರಡೂ ಮಾಡ್ತೀನಿ ಅಂದ್ರೆ ಸ್ವಲ್ಪ ಯೋಚನೆ ಮಾಡಿ.

ನಾವು ಹೋದಾಗ ಮೊದಲು ನೋಡೋದು ಬಿರುಕು. ಪ್ಲಾಸ್ಟರ್ ಮೇಲಿನ ಕೂದಲೆಳೆ ಬಿರುಕಿಗೆ ಹೆದರ್ಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೋ ಕೆಳಕ್ಕೋ ಹೋಗಿರೋದು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣೋದು, ಇಂಥದ್ದಿದ್ರೆ ಪಾಯ ಕೂತಿರ್ಬಹುದು. ತೊಲೆ ಕೆಳಗೆ ಕಂಬಿ ಉದ್ದಕ್ಕೂ ನೆಟ್ಟಗೆ ಬಿರುಕಿದ್ರೆ ಒಳಗೆ ತುಕ್ಕು ಅಂತ ಲೆಕ್ಕ. ಸಣ್ಣ ಸುತ್ತಿಗೆಲಿ ಸೀಲಿಂಗ್ ತಟ್ಟುತ್ತಾ ಹೋಗ್ತೀವಿ, ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಬಿಟ್ಟಿರೋ ಕಡೆ ಡಬ್ ಡಬ್ ಅನ್ನುತ್ತೆ. ಅನುಮಾನ ಬಂದ್ರೆ ರೀಬೌಂಡ್ ಹ್ಯಾಮರ್, ಅದು ಕಾಂಕ್ರೀಟಿನ ಮೇಲ್ಮೈ ಗಟ್ಟಿತನ ಅಷ್ಟೇ ಹೇಳೋದು, ಅದೊಂದನ್ನೇ ಹಿಡ್ಕೊಂಡು ಬಿಲ್ಡಿಂಗ್ ಸೂಪರ್ ಅಂತ ಬರೆದುಕೊಟ್ರೆ ನಂಬ್ಬೇಡಿ.

ಅಡುಗೆಮನೆ ಗೋಡೆಗೆ: ಅದರ ಹಿಂದೆ ಅಥವಾ ಮೇಲೆ ಬಾತ್ರೂಮ್ ಇದೆಯಾ? ಇದ್ರೆ ಓನರ್ ಪರ್ಮಿಷನ್ ತಗೊಂಡು ಬಾತ್ರೂಮ್ ಟ್ರ್ಯಾಪ್ (ನೀರು ಹೋಗೋ ತೂತು) ಬಟ್ಟೆ ತುರುಕಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗೆ ಬಂದು ನೋಡಿ. ಇದಕ್ಕೆ ಖರ್ಚೇ ಇಲ್ಲ. ಬೇಡ ಅಂದ್ರೆ ಓನರ್ ಯಾಕೆ ಬೇಡ ಅಂತಾರೆ ಅಂತ ಕೇಳಿ.

ಇಂಜಿನಿಯರ್ ಆರಿಸುವಾಗ ಅವರು ಹಿಂದೆ ಬರೆದ ಒಂದು ರಿಪೋರ್ಟ್ ಹೆಸರು ಅಳಿಸಿ ತೋರಿಸಿ ಅಂತ ಕೇಳಿ. ಫೋಟೋ ಹಾಕಿ, ಎಲ್ಲಿ ಏನು, ಈಗಲೇ ಮಾಡ್ಬೇಕಾದ್ದು ಯಾವ್ದು, ಕಾಯಬಹುದಾದ್ದು ಯಾವ್ದು ಅಂತ ಬಿಡಿಸಿ ಬರೆದು ಸಹಿ ಸೀಲು ಹಾಕೋರು ಬೇಕು, ಬಾಯಲ್ಲಿ ಚೆನ್ನಾಗಿದೆ ಮೇಡಂ ಅನ್ನೋರಲ್ಲ. ವಾಟರ್‌ಪ್ರೂಫಿಂಗ್ ಮಾರೋರು ಫ್ರೀ ಇನ್ಸ್‌ಪೆಕ್ಷನ್ ಅಂತ ಬರ್ತಾರೆ, ಅವರಿಗೆ ಪ್ರತಿ ಗೋಡೆಲೂ ವಾಟರ್‌ಪ್ರೂಫಿಂಗ್ ಬೇಕು ಅಂತಾನೇ ಕಾಣೋದು. ಮೇಲೆ ಇನ್ನೊಂದು ಫ್ಲೋರ್ ಹಾಕೋ ಆಸೆ ಇದ್ರೆ ಅದನ್ನ ಮೊದಲೇ ಹೇಳಿ, ಆಗ ಪಾಯ, ಪಿಲ್ಲರ್ ಲೆಕ್ಕ ಬೇರೆ ಆಗುತ್ತೆ.

ಎರಿಭೂಮಿ

ನಮ್ದು ಹುಬ್ಬಳ್ಳಿರಿ. ಮ್ಯಾಲಿನ ಇಂಜಿನಿಯರ್ ಸಾಹೇಬ್ರು ಹೇಳಿದ್ದು ಖರೆ ಐತಿ, ಒಂದ್ ಮಾತು ಕೂಡಸ್ತೀನಿ. ನಮ್ಮ ಕಡೆ ಮಣ್ಣ ಬ್ಯಾರೆ, ಎರಿ ಭೂಮಿ ಬ್ಯಾಸಿಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ, ಪಾಯ ಸರಿ ಹಾಕಿರ್ಲಿಲ್ಲಂದ್ರ ಮನಿ ವರ್ಷಕ್ಕೊಮ್ಮೆ ಅಲ್ಲಾಡ್ತೈತಿ. ನಾ ಮಾರ್ಚಿನಾಗ ನೋಡಿದಾಗ ಗ್ವಾಡಿ ಬಿರುಕಿನ್ಯಾಗ ಐದ್ ರೂಪಾಯಿ ನಾಣ್ಯ ನಿಂದರ್ತಿತ್ತು, ಅದ ಬಿರುಕು ಆಗಸ್ಟಿನಾಗ ಮುಚ್ಚಿಕೊಂಡಿತ್ತು. ಮಾರಾವ ಮಳಿಗಾಲದಾಗ ತೋರ್ಸಿದ್ರ ನಮಗ ಗೊತ್ತ ಆಗೂದಿಲ್ರಿ. ನಿಮ್ ಕಡೆ ಎರಿ ಇಲ್ಲ ಖರೆ, ಆದ್ರ ಕೆರಿ ಮುಚ್ಚಿದ ಜಾಗ, ಹಳ್ಳಕ್ಕ ಮಣ್ಣ ಹಾಕಿ ಎತ್ತರ ಮಾಡಿದ ಜಾಗ ಇರ್ತಾವು, ಅಲ್ಲಿನ ಹಳೇ ಮಂದೀನ್ನ ಒಂದಿಬ್ಬರ್ನ ಕೇಳ್ರಿ, ಮೊದ್ಲ ಇಲ್ಲಿ ಏನಿತ್ತು ಅಂತ.

ರೀಡಿಂಗ್_ಕನ್ನಡತಿ

ನಾವು ಇಂಗ್ಲೆಂಡಲ್ಲಿ 1930ರ ಆಸುಪಾಸಿನ ಮನೆ ತಗೊಂಡಾಗ ಇದೇ ಪ್ರಶ್ನೆ ಇತ್ತು. ಇಲ್ಲೂ ಬ್ಯಾಂಕ್ ವ್ಯಾಲ್ಯುಯೇಷನ್ ಬ್ಯಾಂಕಿಗೇ. ಕೊಳ್ಳೋರು ತಮ್ಮ ದುಡ್ಡಲ್ಲಿ ಆರ್‌ಐಸಿಎಸ್ (ಇಲ್ಲಿನ ಸರ್ವೆಯರ್‌ಗಳ ವೃತ್ತಿ ಸಂಸ್ಥೆ) ಸರ್ವೆಯರ್ ಇಟ್ಕೊತಾರೆ, ಲೆವೆಲ್ 1, 2, 3 ಅಂತ ಇದೆ, ಹಳೇ ಮನೆ, ಗೋಡೆ ಒಡೆದು ಬದಲಾಯಿಸಿರೋ ಮನೆ ಅಂದ್ರೆ 3. ಪ್ರತಿ ಭಾಗಕ್ಕೂ ಹಸಿರು, ಹಳದಿ, ಕೆಂಪು ಅಂತ ಗುರುತು ಹಾಕ್ತಾರೆ. ನಮ್ಮದರಲ್ಲಿ ಕೆಳಗಡೆ ಹಳೇ ಚಿಮಣಿ ತೆಗೆದು ಮೇಲಿನ ಭಾರಕ್ಕೆ ಏನೂ ಆಸರೆ ಕೊಟ್ಟಿರ್ಲಿಲ್ಲ, ಸರ್ವೆಯರ್ ಅಟ್ಟಕ್ಕೆ ಹತ್ತಿ ನೋಡಿದ್ದಕ್ಕೆ ಸಿಕ್ತು. ಆ ರಿಪೋರ್ಟ್ ಇಟ್ಕೊಂಡು ರೇಟ್ ಇಳಿಸಿದ್ವಿ. ಸ್ಕಾಟ್ಲೆಂಡಲ್ಲಿ 2008ರಿಂದ ಮಾರೋರೇ ಹೋಮ್ ರಿಪೋರ್ಟ್ ಮಾಡಿಸಿ ಇಡ್ಬೇಕು. ಊರಲ್ಲಿ ಅಂಥ ಪದ್ಧತಿ ಬರೋವರೆಗೂ ನಾವೇ ಕೇಳಿ ಮಾಡಿಸ್ಕೋಬೇಕು, ನಾಚ್ಕೋಬೇಡಿ.

ಕೋರ್ಟ್_ಹಾಲ್_7

ವಕೀಲ. ಎರಡೇ ಮಾತು. ಅಡ್ವಾನ್ಸ್ ಕೊಡೋ ಕರಾರಿನಲ್ಲಿ ಜಾಗದ ಸರ್ವೆಲಿ ಅಳತೆ ಕಡಿಮೆ ಬಂದ್ರೆ ಅಥವಾ ಕಟ್ಟಡದಲ್ಲಿ ದೊಡ್ಡ ದೋಷ ಕಂಡ್ರೆ ಮುಂಗಡ ಪೂರ್ತಿ ವಾಪಸ್, ಇಷ್ಟು ದಿನದೊಳಗೆ, ಅಂತ ಬರೆಸಿ. ಎರಡನೇದು ಚಕ್ಕುಬಂದಿ, ಅಂದ್ರೆ ಸೈಟಿನ ನಾಲ್ಕೂ ಕಡೆ ಏನಿದೆ ಅನ್ನೋ ಗಡಿ ವಿವರ. ಕ್ರಯಪತ್ರದಲ್ಲಿ ಬರೆದ ಅಳತೆಗೂ ಚಕ್ಕುಬಂದಿಗೂ ತಾಳೆ ಆಗದಿದ್ರೆ ಸಾಮಾನ್ಯವಾಗಿ ಕೋರ್ಟ್ ಚಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತೆ. ಪತ್ರದಲ್ಲಿ 1200 ಚದರಡಿ ಇದೆ ಅಂತ ಆಮೇಲೆ ಪಕ್ಕದ ಮನೆಯವರ ಮೇಲೆ ಹೋದ್ರೆ ವರ್ಷಗಟ್ಟಲೆ ಅಲೀತೀರಿ.

ಪೂರ್ವದ_ಬಾಗ್ಲು

ಮೂರು ವಾರ ಆಯ್ತು, ಆಗಿದ್ದು ಹೇಳ್ಬೇಕು ಅಂತ ಬಂದೆ. ಶುಕ್ರವಾರದ ಅಡ್ವಾನ್ಸ್ ನಿಲ್ಲಿಸಿದ್ವಿ, ಬ್ರೋಕರ್ ಎರಡು ದಿನ ಫೋನ್ ಎತ್ತಲಿಲ್ಲ. ಫೋನಲ್ಲಿ ಐದು ಜನಕ್ಕೆ ಟಿಪ್ಪಣಿ ಪ್ರಶ್ನೆ ಕೇಳಿದೆ, ಇಬ್ರಿಗೆ ಮಾತ್ರ ನಾನು ಏನು ಕೇಳ್ತಿದೀನಿ ಅಂತ ಗೊತ್ತಾಯ್ತು. ಅವರಲ್ಲಿ ಒಬ್ರು ಬೆಳಿಗ್ಗೆ 7ಕ್ಕೇ ಬಂದು, ನಮ್ಮ ಮನೆ ಕಡೆ ತಿರುಗಿ ಕೂಡ ನೋಡದೆ ಎರಡು ರೋಡ್ ಆಚೆ ಮೋರಿ ಪಕ್ಕ ಕಸ ಸರಿಸಿ ಒಂದು ಕಲ್ಲು ಹುಡುಕಿ ಅಲ್ಲಿಂದ ಶುರು ಮಾಡಿದ್ರು. 12 ಸಾವಿರ ಆಯ್ತು.

ಹಳ್ಳ, ಖರಾಬು ಏನೂ ಇಲ್ಲ, ಅದೊಂದು ಸಮಾಧಾನ. ಹಿಂದ್ಗಡೆ ಸರಿಯಾಗಿ 2 ಅಡಿ ಪಕ್ಕದ ಮನೆಯವರ ಕಾಂಪೌಂಡ್ ಒಳಗಿದೆ, ಅಳತೆ ಓರೆಯಾಗಿ ಬಂದು ನಮಗೆ ಸಿಗೋದು 1160 ಚದರಡಿ. ಪಕ್ಕದ ಮನೆ ಅಜ್ಜಿ ಬಾಗ್ಲಲ್ಲೇ ನಿಂತು ನೋಡ್ತಿದ್ರು, ಗೋಡೆ ಕಟ್ಟಿದಾಗ ಓನರ್ರೇ ನಿಂತು ದಾರ ಹಿಡಿದಿದ್ರು ಕಣಮ್ಮ ಅಂತ ಹೇಳಿದ್ರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಬಾತ್ರೂಮಲ್ಲಿ ನೀರು ನಿಲ್ಲಿಸೋಕೆ ಓನರ್ ಮೊದಲು ಬೇಡ ಅಂದ್ರು, ಆಮೇಲೆ ಅವರ ಮಗನೇ ಬಂದು ಬಟ್ಟೆ ತುರುಕಿದ. ಮಾರನೇ ದಿನ ಅಡುಗೆಮನೆ ಗೋಡೆ ಮೇಲೆ ಅಂಗೈ ಅಗಲ ನೀರಿನ ಕಲೆ. ಇಂಜಿನಿಯರ್ ಸ್ಲ್ಯಾಬು ಪಿಲ್ಲರ್ ಗಟ್ಟಿ ಇದೆ, ಬಾತ್ರೂಮ್ ಟೈಲ್ಸ್ ಕಿತ್ತು ಮಾಡಿಸ್ಬೇಕು, ಒಂದೂವರೆ ಲಕ್ಷದ ಹತ್ರ ಆಗುತ್ತೆ ಅಂತ ಬರೆದುಕೊಟ್ಟಿದಾರೆ.

ಮನೆ ಬಿಡೋಕೆ ಅತ್ತೆಗೂ ಮನಸ್ಸಿಲ್ಲ ನನಗೂ ಇಲ್ಲ. 40 ಚದರಡಿ ದುಡ್ಡು, ಬಾತ್ರೂಮ್ ದುಡ್ಡು ಕಳೆದು, ಕ್ರಯಪತ್ರದ ಷೆಡ್ಯೂಲಲ್ಲಿ (ಆಸ್ತಿ ವಿವರದಲ್ಲಿ) ಸರ್ವೆಲಿ ಬಂದ ಅಳತೆನೇ ಬರೆದು ಕೊಡೋದಾದ್ರೆ ತಗೋತೀವಿ ಅಂತ ಹೇಳಿ ಕಳಿಸಿದೀವಿ. ಶನಿವಾರ ಓನರ್ ಮನೆಗೆ ಹೋಗೋದಿದೆ, ಸ್ಕೆಚ್ಚೂ ರಿಪೋರ್ಟೂ ಎರಡೆರಡು ಜೆರಾಕ್ಸ್ ಮಾಡಿಸಿಟ್ಟಿದೀನಿ. ವಕೀಲರು ಸರ್, ಹಳೇ ಪತ್ರದಲ್ಲಿ 1200 ಇದ್ದು ನಮ್ಮ ಪತ್ರದಲ್ಲಿ 1160 ಬರೆಸೋದಾದ್ರೆ ಓನರ್ ಮೊದಲು ಖಾತಾ ತಿದ್ದಿಸ್ಬೇಕಾ, ಒಂದು ಮಾತು ಹೇಳ್ತೀರಾ?